ನೆಗೆಣ್ಣಿಯ ಗಾಡಿ ಮತ್ತು ನನ್ನ ಬಲಗಾಲು

ನನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷ. ಇಷ್ಟು ವರ್ಷಗಳಲ್ಲಿ ನಮ್ಮ ಅತ್ತೆ ನನ್ನನ್ನು ಹೊಗಳಿದ್ದು ಒಂದೇ ಒಂದು ಸಲ, ಅದೂ ನನ್ನ ಬಲಗಾಲನ್ನು. ನನ್ನ ಅಡುಗೆಯನ್ನಲ್ಲ, ನನ್ನ ನೌಕರಿಯನ್ನಲ್ಲ, ಅವರ ಮಗನನ್ನು ನಾನು ಸಂಭಾಳಿಸಿಕೊಂಡು ಬಂದದ್ದನ್ನಂತೂ ಅಲ್ಲವೇ ಅಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಕಾರಿನಲ್ಲಿ ಕರೆದುಕೊಂಡು ಬರುವಾಗ, ಪಕ್ಕದ ಸೀಟಿನಲ್ಲಿ ಕೂತು ಅರ್ಧ ದಾರಿ ನನ್ನ ಪಾದವನ್ನೇ ನೋಡುತ್ತಿದ್ದವರು ಕೊನೆಗೆ, "ನಿನ್ನ ಕಾಲಿಗಿ ಹದ ಐತಿ ನೋಡವಾ" ಎಂದರು. ಆ ದಿನ ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ನನ್ನ ಕಾಲನ್ನು ನಾನೇ ಒಂದು ಗಳಿಗೆ ನೋಡಿಕೊಂಡೆ.

ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ಬೆಲೆ ಯಾಕೆ ಹೆಚ್ಚೆಂದರೆ, ಅವರಿಗೆ ಕಾಲಿನ ಕೆಲಸ ಗೊತ್ತು. ಸಿರುಗುಪ್ಪದ ನಮ್ಮ ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ನಲವತ್ತು ವರ್ಷ ಹೊಲಿದವರು ಅವರು. ಕಾಲಿನಿಂದ ತುಳಿಯುವ ಮಿಷನ್ನು. ತುಳಿತ ಒಂದಿಷ್ಟು ಹೆಚ್ಚುಕಮ್ಮಿಯಾದರೆ ಹೊಲಿಗೆ ಸುಕ್ಕುಗಟ್ಟುತ್ತದೆ, ದಾರ ಹರಿಯುತ್ತದೆ. ಹಾಗಾಗಿ ಆಟೋದವನಿರಲಿ, ಟ್ರ್ಯಾಕ್ಟರಿನವನಿರಲಿ, ಯಾರು ಗಾಡಿ ಹೊಡೆದರೂ ಅವರ ಕಣ್ಣು ಮೊದಲು ಹೋಗುವುದು ಕಾಲಿನ ಕಡೆಗೆ. ಅದೇ ಹೊಲಿಗೆಯಿಂದ ಅವರ ಎಡಭುಜ ಹಿಡಿದುಕೊಂಡಿತ್ತು. ಕೈ ಎತ್ತಿ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬಳ್ಳಾರಿಯಲ್ಲಿ ಭಾನುವಾರವೂ ನೋಡುವ ಒಬ್ಬ ಫಿಸಿಯೋಥೆರಪಿಯ ಹೆಣ್ಣುಮಗಳು ಸಿಕ್ಕಳು. ಹದಿನೈದು ದಿನಕ್ಕೊಮ್ಮೆ ಬರಬೇಕು ಎಂದಳು.

ಅತ್ತೆ ಇರುವುದು ಸಿರುಗುಪ್ಪದಲ್ಲಿ, ನನ್ನ ಮೈದುನನ ಜೊತೆ. ನಾವಿರುವುದು ಬಳ್ಳಾರಿಯಲ್ಲಿ. ನನಗೆ ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಕೆಲಸ, ದಿನವೂ ನನ್ನ ಹಳೆಯ ಸಣ್ಣ ಕಾರಿನಲ್ಲಿ ಹೋಗಿ ಬರುತ್ತೇನೆ. ನನ್ನ ಗಂಡ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುವ ಮನುಷ್ಯ. ಮೈದುನನ ಮನೆಯಲ್ಲಿ ಆಗ ಬೈಕು ಮಾತ್ರ ಇತ್ತು. ಹೀಗಾಗಿ ಕೆಲಸ ನನ್ನ ಪಾಲಿಗೆ ಬಂತು: ಬೆಳಿಗ್ಗೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಅವರನ್ನು ಹತ್ತಿಸಿಕೊಂಡು ಮತ್ತೆ ಬಳ್ಳಾರಿಗೆ, ಸಂಜೆ ಬಿಟ್ಟು ಬರಲು ಮತ್ತೆ ಸಿರುಗುಪ್ಪಕ್ಕೆ, ಮತ್ತೆ ವಾಪಸ್ಸು. ಭಾನುವಾರ ಪೂರಾ ರಸ್ತೆಯ ಮೇಲೆ. ಜೊತೆಯ ಟೀಚರುಗಳು ಅಯ್ಯೋ ಪಾಪ ಎನ್ನುತ್ತಿದ್ದರು. ನಾನೂ ಹೌದೆಂದು ಮುಖ ಸಣ್ಣದು ಮಾಡುತ್ತಿದ್ದೆ. ಒಳಗಿನ ಮಾತು ಬೇರೆ ಇತ್ತು.

ಮನೆಯಲ್ಲಿ ನಮ್ಮ ಅತ್ತೆ ಬಾಯಿ ಬಿಡುವುದು ಕಡಿಮೆ. ಉಪ್ಪು ಜಾಸ್ತಿ, ಗೇಟು ಹಾಕು, ಇಷ್ಟೇ. ಆದರೆ ಕಾರು ಸಿರುಗುಪ್ಪ ದಾಟಿ ತೆಕ್ಕಲಕೋಟೆ ಕಡೆಗೆ ಹೊರಳಿತೆಂದರೆ, ಎರಡೂ ಕಡೆ ಗದ್ದೆ ಶುರುವಾಯಿತೆಂದರೆ, ಅವರು ಮಾತಾಡುತ್ತಿದ್ದರು. ಎದುರಿಗೆ ನೋಡುತ್ತಾ, ನನಗೇ ಹೇಳುತ್ತಿದ್ದಾರೋ ರಸ್ತೆಗೆ ಹೇಳುತ್ತಿದ್ದಾರೋ ಎನ್ನುವ ಹಾಗೆ. ಹದಿಮೂರು ವರ್ಷಕ್ಕೆ ಮದುವೆಯಾಗಿ ಬಂದದ್ದು, ಗಂಡನಿಗೆ ಗೊತ್ತಾಗದ ಹಾಗೆ ಹೊಲಿಗೆ ಕಲಿತದ್ದು, ಒಮ್ಮೆ ಸಿಟ್ಟಿನಲ್ಲಿ ಯಾರದೋ ಮದುವೆಯ ರವಿಕೆಯ ತೋಳನ್ನು ಬೇಕೆಂದೇ ಬಿಗಿ ಹೊಲಿದದ್ದು. ಅವರ ಇಬ್ಬರು ಗಂಡುಮಕ್ಕಳಿಗೂ ಇದ್ಯಾವುದೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ನನ್ನ ತಾಯಿ ನಾನು ಕಾಲೇಜಿನಲ್ಲಿರುವಾಗಲೇ ಹೋದವಳು, ಹೀಗೆ ಪಕ್ಕದಲ್ಲಿ ಕೂತು ಮಾತಾಡುವವರು ನನಗೆ ಯಾರೂ ಇರಲಿಲ್ಲ. ಆ ಒಂದೂಕಾಲು ಗಂಟೆಗಾಗಿ ನಾನು ಎಷ್ಟು ಭಾನುವಾರ ಬೇಕಾದರೂ ಕೊಡುತ್ತಿದ್ದೆ.

ಅಂಥದ್ದರಲ್ಲಿ ಮೈದುನ ಕಾರು ತಂದ.

ತಂದದ್ದು ಅವನಾದರೂ ಹೊಡೆಯುವುದು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ನನಗಿಂತ ಹನ್ನೊಂದು ವರ್ಷ ಸಣ್ಣವಳು. ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತದೆ, ಅದು ಬೇರೆ. ಡ್ರೈವಿಂಗ್ ಕಲಿತು ಎರಡು ವರ್ಷವಾಗಿತ್ತು. ನಡುವೆ ಯಾರದೋ ಗಾಡಿ ಕೇಳಿ ಪಡೆದು ಅತ್ತೆಯನ್ನು ಒಮ್ಮೆ ಕರೆತಂದಿದ್ದಳು, ಆ ದಿನ ಅತ್ತೆ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದರು. ನನಗೆ ಆಗ ಆದ ಸಂತೋಷವನ್ನು ನಾನು ಯಾರಿಗೂ ತೋರಿಸಿರಲಿಲ್ಲ.

ಈ ಸಲ ಹಾಗಾಗಲಿಲ್ಲ. ನವೆಂಬರಿನ ಒಂದು ಭಾನುವಾರ ನಮ್ಮ ಮನೆಯ ಗೇಟಿನ ಮುಂದೆ ಬಿಳಿ ಗಾಡಿ ಬಂದು ನಿಂತಿತು. ಬಂಪರಿಗೆ ಇನ್ನೂ ಚೆಂಡುಹೂವಿನ ಸರ ಇತ್ತು. ಅತ್ತೆ ಇಳಿದರು, ಮುಖ ಅರಳಿತ್ತು. ಒಳಗೆ ಬಂದು ನೀರು ಕುಡಿಯುವುದಕ್ಕೂ ಮೊದಲು ಹೇಳಿದರು.

"ಕಾಲು ಇಟ್ಟೇ ಇಲ್ಲವಾ ಆಕಿ. ತೆಕ್ಕಲಕೋಟಿ ದಾಟಿದ ಮ್ಯಾಲೆ ಎರಡೂ ಕಾಲು ಮಡಚಿಕೊಂಡು ಕುಂತಾಳ. ಗಾಡಿ ತಾನ ಹೋಗ್ತೈತಿ. ಒಂದು ಅಲುಗಾಟ ಇಲ್ಲ, ನೀರು ನಿಂತಂಗ."

"ಕ್ರೂಸ್ ಅಂತಾರಕ್ಕಾ ಅದಕ್ಕ" ಎಂದಳು ನೆಗೆಣ್ಣಿ, ಗಲ್ಲದ ಗುಳಿಯ ಸಮೇತ. "ಬರ್ರಿ, ತೋರಿಸ್ತೀನಿ."

ನೋಡಬಾರದು ಎಂದುಕೊಂಡೇ ಹೋಗಿ ನೋಡಿದೆ. ಸ್ಟೇರಿಂಗಿನ ಬಲಗಡೆ ಹೆಬ್ಬೆರಳಿಗೆ ಸಿಗುವ ಹಾಗೆ ನಾಲ್ಕು ಗುಂಡಿ. ಒಂದನ್ನು ಒತ್ತಿದರೆ ಮೀಟರಿನಲ್ಲಿ ಸಣ್ಣ ದೀಪ ಬರುತ್ತದೆ, ಎಂದರೆ ಸಿದ್ಧ. ಬೇಕಾದ ವೇಗ ಬಂದಾಗ ಸೆಟ್ ಎನ್ನುವುದನ್ನು ಕೆಳಗೆ ಒತ್ತಿದರೆ ದೀಪ ಹಸಿರಾಗುತ್ತದೆ, ಗಾಡಿ ಅದೇ ವೇಗ ಹಿಡಿದುಕೊಂಡು ಹೋಗುತ್ತದೆ. ಮೇಲೆ ಕೆಳಗೆ ತಟ್ಟಿದರೆ ಒಂದೊಂದೇ ಕಿಲೋಮೀಟರು ಏರುತ್ತದೆ, ಇಳಿಯುತ್ತದೆ. ಬ್ರೇಕು ಮುಟ್ಟಿದರೆ ಬಿಟ್ಟುಕೊಡುತ್ತದೆ. ಇಷ್ಟನ್ನು ಅವಳು ಬೆರಳು ಕುಣಿಸುತ್ತಾ ಹೇಳಿದಳು. ಪಕ್ಕದಲ್ಲಿ ಅತ್ತೆ, ಇದನ್ನೆಲ್ಲ ತಾನೇ ಮಾಡಿಸಿದವರ ಹಾಗೆ ತಲೆ ಆಡಿಸುತ್ತಿದ್ದರು.

ಊಟಕ್ಕೆ ಕೂತಾಗ ಅತ್ತೆ ಹೇಳಿದರು: "ಇನ್ನ ಮ್ಯಾಲೆ ನೀ ಬರೋದು ಬ್ಯಾಡ. ಆಕೀನ ಕರ್ಕೊಂಡು ಬರ್ತಾಳ."

"ಛಲೋ ಆತು ಬಿಡ್ರಿ ಅತ್ತಿ" ಎಂದೆ. ಅನ್ನ ಬಡಿಸುವ ಸೌಟು ಪಾತ್ರೆಗೆ ಬಡಿದು ಸದ್ದಾಯಿತು. ನನ್ನ ಗಂಡ ತಲೆ ಎತ್ತಿ ನೋಡಿ ಮತ್ತೆ ಸಾರು ಕಲಸಿಕೊಂಡರು.

ಹೊಟ್ಟೆಕಿಚ್ಚು ಎನ್ನುವುದು ಬರಿಯ ಮಾತಲ್ಲ, ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ನನಗೆ ಆ ವಾರ ಗೊತ್ತಾಯಿತು. ಆ ಹುಡುಗಿ ಕಲಿತದ್ದೇನು, ಪಳಗಿದ್ದೇನು? ನಾನು ಹದಿನಾಲ್ಕು ವರ್ಷ ಕುರುಗೋಡಿನ ರಸ್ತೆಯ ಗುಂಡಿಗಳನ್ನು ಎಣಿಸಿ ಎಣಿಸಿ ಸಂಪಾದಿಸಿದ ಹದವನ್ನು ಅವಳು ಹೆಬ್ಬೆರಳಲ್ಲಿ ಒತ್ತಿ ಪಡೆದಳಲ್ಲ! ಸಾಲೆಯಲ್ಲಿ ಎರಡನೇ ಪಿರಿಯಡ್ ಬಿಡುವಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಆ ಗಾಡಿಯ ಕೈಪಿಡಿ ತೆಗೆದೆ. ಉದ್ದೇಶ ಒಂದೇ, ಅದರಲ್ಲಿ ಹುಳುಕು ಹುಡುಕುವುದು. ಬಿ.ಎಸ್ಸಿ. ಪರೀಕ್ಷೆಗೂ ನಾನು ಅಷ್ಟು ಮನಸ್ಸಿಟ್ಟು ಓದಿರಲಿಲ್ಲ.

ಓದುತ್ತಾ ಓದುತ್ತಾ ಸಿಟ್ಟಿನ ನಡುವೆಯೂ ಒಂದಿಷ್ಟು ಮೆಚ್ಚಿಕೆ ಬಂತು, ಸುಳ್ಳೇಕೆ ಹೇಳಲಿ. ಈಗಿನ ಗಾಡಿಗಳಲ್ಲಿ ನಾವು ತುಳಿಯುವ ಆಕ್ಸಿಲರೇಟರಿಗೂ ಇಂಜಿನ್ನಿಗೂ ನಡುವೆ ತಂತಿ ಇರುವುದಿಲ್ಲ. ಪೆಡಲ್ ಎಷ್ಟು ಒತ್ತಿದೆ ಎನ್ನುವ ಸುದ್ದಿ ಮಾತ್ರ ವಿದ್ಯುತ್ತಿನ ರೂಪದಲ್ಲಿ ಒಂದು ಸಣ್ಣ ಕಂಪ್ಯೂಟರಿಗೆ ಹೋಗುತ್ತದೆ, ಇಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಎಣ್ಣೆ ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಅಂದಮೇಲೆ ಸುದ್ದಿ ಕಾಲಿನಿಂದಲೇ ಬರಬೇಕೆಂದೇನೂ ಇಲ್ಲ. ಸೆಟ್ ಒತ್ತಿದ ಗಳಿಗೆಯಲ್ಲಿ ಇದ್ದ ವೇಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಚಕ್ರದ ಹತ್ತಿರ ಇರುವ ಸೆನ್ಸರು ಈಗಿನ ವೇಗ ಎಷ್ಟೆಂದು ಬಿಡದೆ ಹೇಳುತ್ತಿರುತ್ತದೆ. ಎರಡನ್ನೂ ಹೋಲಿಸುವುದು, ಕಡಿಮೆಯಾದರೆ ಸ್ವಲ್ಪ ಜಾಸ್ತಿ ಕೊಡುವುದು, ಜಾಸ್ತಿಯಾದರೆ ಸ್ವಲ್ಪ ಹಿಡಿಯುವುದು. ಹಾಲು ಕಾಯಿಸುವಾಗ ಒಲೆಯ ಮುಂದೆ ನಿಂತು ಉರಿ ಏರಿಸಿ ಇಳಿಸಿ ಮಾಡುತ್ತೇವಲ್ಲ, ಅದೇ ಕೆಲಸ. ಆದರೆ ನಾವು ಬಾಗಿಲಿಗೆ ಯಾರೋ ಬಂದರೆಂದು ಹೋಗಿ ಹಾಲು ಉಕ್ಕಿಸುತ್ತೇವೆ, ಅದು ಒಲೆ ಬಿಟ್ಟು ಹೋಗುವುದಿಲ್ಲ.

ಮರುದಿನ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕುರುಗೋಡಿನ ರಸ್ತೆಯಲ್ಲಿ, ಬೆಳಿಗ್ಗೆ ಖಾಲಿ ಇರುವ ನೇರ ದಾರಿಯಲ್ಲಿ, ನನ್ನ ಕಾಲು ಆ ಯಂತ್ರದಷ್ಟು ಸ್ಥಿರ ಇದೆಯೋ ಇಲ್ಲವೋ ನೋಡೇಬಿಡೋಣ ಎಂದು ಮುಳ್ಳನ್ನು ಅರವತ್ತಕ್ಕೆ ನಿಲ್ಲಿಸಲು ಹೊರಟೆ. ಐವತ್ತೇಳು, ಅರವತ್ತೆರಡು, ಅರವತ್ತು, ಮತ್ತೆ ಐವತ್ತೆಂಟು. ಸಣ್ಣ ಏರು ಬಂದಾಗ ಇಳಿಯಿತು, ಸೇತುವೆ ಇಳಿಯುವಾಗ ಅರವತ್ತೈದಕ್ಕೆ ಹೋಯಿತು. ಮುಳ್ಳಿನ ಮೇಲೆ ಕಣ್ಣಿಟ್ಟು ಸಾಲೆಯ ಗೇಟನ್ನೇ ದಾಟಿ ಊರೊಳಗೆ ಬಂದುಬಿಟ್ಟಿದ್ದೆ. ತಿರುಗಿಸಿಕೊಂಡು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಹೆಡ್ ಮಾಸ್ಟರು ಗಡಿಯಾರ ನೋಡಿದರು. ಮೊಂಡ ಕಾಲು, ನನ್ನ ಮಾತು ಎಲ್ಲಿ ಕೇಳುತ್ತದೆ?

ಕೈಪಿಡಿಯಲ್ಲಿ ಹುಳುಕುಗಳೂ ಸಿಕ್ಕವು. ಅದು ಎದುರಿನ ಗಾಡಿಯನ್ನು ನೋಡುವುದಿಲ್ಲ. ಹಾಗೆ ನೋಡುವಂಥವೂ ಇವೆ, ಅವಳದ್ದು ಅದಲ್ಲ. ತಾನಾಗಿ ಬ್ರೇಕು ಹಾಕುವುದಿಲ್ಲ, ಇಳಿಜಾರಿನಲ್ಲಿ ವೇಗ ಹೆಚ್ಚಿದರೆ ನಾವೇ ಹಿಡಿಯಬೇಕು. ಒದ್ದೆ ರಸ್ತೆ, ಜಾರುವ ರಸ್ತೆ, ತಿರುವು ಹೆಚ್ಚಿರುವ ರಸ್ತೆ, ಜನ ಓಡಾಡುವ ಜಾಗ, ಇಲ್ಲೆಲ್ಲ ಬಳಸಬಾರದು. ನಲವತ್ತರ ಕೆಳಗೆ ಹಿಡಿಯುವುದೇ ಇಲ್ಲ. ಇಷ್ಟನ್ನೂ ನೆಗೆಣ್ಣಿಗೆ ಫೋನು ಮಾಡಿ, ಅವಳ ಕಾಳಜಿಗಾಗಿಯೇ ಹೇಳುತ್ತಿರುವ ಹಾಗೆ ಜೇನು ಸುರಿಸಿ ಹೇಳಿದೆ. ಹಿಂದೆ ಅತ್ತೆಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳು "ಹೌದೇನಕ್ಕಾ, ಹೌದೇನಕ್ಕಾ" ಎಂದು ಕೇಳಿಸಿಕೊಂಡಳು. ಅತ್ತೆ ಮುಂದಿನ ಎರಡು ಸಲವೂ ಅವಳ ಗಾಡಿಯಲ್ಲೇ ಬಂದರು.

ಈಗ ನಾನು ಹೇಳಲೇಬೇಕಾದ ಭಾಗ. ಡಿಸೆಂಬರಿನ ಒಂದು ಗುರುವಾರ ಮಧ್ಯಾಹ್ನ ಅವಳೇ ಫೋನು ಮಾಡಿದಳು.

"ಅಕ್ಕಾ, ನೀವು ಸೈನ್ಸ್ ಟೀಚರು ಅದೀರಿ ಅಂತ ಕೇಳಾಕತ್ತೀನಿ. ಆ ನಾಕನೇ ಗುಂಡಿ ಐತಲ್ಲ, ಬ್ರೇಕ್ ಹಾಕಿದ ಮ್ಯಾಲೆ ಅದನ್ನ ಒತ್ತಿದ್ರ ಏನಾಗ್ತೈತ್ರಿ? ಶೋರೂಮಿನಾಗ ಗಡಿಬಿಡಿ ಮಾಡಿ ಹೇಳಿದ್ರು, ಮರ್ತೀನಿ. ಆಗ ಎಷ್ಟು ಸ್ಪೀಡಿನಾಗ ಇರ್ತೀವೋ ಅದನ್ನ ಹಿಡಿಯಾಕ ಏನು ಅದು?"

ಅಲ್ಲ. ಅದು ಈಗಿನ ವೇಗವನ್ನು ಹಿಡಿಯುವುದಿಲ್ಲ, ಹಳೆಯದನ್ನು ಮರಳಿ ತರುತ್ತದೆ. ಬ್ರೇಕು ಹಾಕಿದಾಗ ಗಾಡಿ ಕೈ ಬಿಡುತ್ತದೆಯೇ ಹೊರತು ನೆನಪು ಬಿಡುವುದಿಲ್ಲ. ಎಂಬತ್ತಕ್ಕೆ ಸೆಟ್ ಮಾಡಿ, ಬ್ರೇಕು ಹಾಕಿ ನಲವತ್ತೈದಕ್ಕೆ ಬಂದು ಆ ಗುಂಡಿ ಒತ್ತಿದರೆ, ಎದುರಿಗೆ ಏನಿದೆ ಎಂದು ನೋಡದೆ ಅದು ಎಂಬತ್ತಕ್ಕೆ ಓಡುತ್ತದೆ. ಮುಖ್ಯ ಸ್ವಿಚ್ಚು ಆರಿಸಿದರೆ ಮಾತ್ರ ಮರೆಯುತ್ತದೆ. ಆ ಪುಟ ನನಗೆ ಬಾಯಿಪಾಠ ಆಗಿತ್ತು.

"ಗೊತ್ತಿಲ್ಲವಾ ತಂಗಿ" ಎಂದೆ. "ನನ್ನ ಹಳೀ ಗಾಡಿಗಿ ಅವೆಲ್ಲ ಎಲ್ಲಿ ಅದಾವ?"

ಅವಳಿಗೆ ಪೆಟ್ಟಾಗಲಿ ಎಂದು ಬಯಸಲಿಲ್ಲ, ದೇವರಾಣೆ. ನಾನು ಬಯಸಿದ್ದು ಒಂದು ಸಣ್ಣ ಜಗ್ಗು. ಅತ್ತೆ ಬೆಚ್ಚಿ ಬೀಳುವಷ್ಟು, ಮತ್ತೆ ನನ್ನ ಪಕ್ಕಕ್ಕೆ ಬರುವಷ್ಟು. ಫೋನು ಇಟ್ಟ ಮೇಲೆ ಮತ್ತೆ ಮಾಡಿ ಹೇಳಬಹುದಿತ್ತು. ಶುಕ್ರವಾರವಿತ್ತು, ಶನಿವಾರವಿತ್ತು. ಮಾಡಲಿಲ್ಲ.

ಶನಿವಾರ ಸಿರುಗುಪ್ಪಕ್ಕೆ ನಾನೇ ಹೋದೆ. ನನ್ನ ಕಾರಿನ ಕ್ಲಚ್ ಪ್ಲೇಟು ಹೋಗಿ ಅದು ಗ್ಯಾರೇಜಿನಲ್ಲಿತ್ತು, ಬಸ್ಸಿನಲ್ಲಿ ಹೋದೆ. ಹೊಸ ಗಾಡಿಯ ಪೂಜೆಗೆ ಬರಲಾಗಿರಲಿಲ್ಲ ಎಂದು ನೆಪ ಮಾಡಿ ಒಂದು ಜೊತೆ ಸೀಟಿನ ದಿಂಬು ಒಯ್ದೆ. ನಿಜವಾಗಿ ಹೋದದ್ದು ನೋಡಲಿಕ್ಕೆ. ಆ ಮುಂದಿನ ಸೀಟಿನಲ್ಲಿ ಕೂತು ಅತ್ತೆ ಅವಳ ಹತ್ತಿರವೂ ಮಾತಾಡುತ್ತಾರೋ ಏನೋ ಎಂದು ತಿಳಿಯಲಿಕ್ಕೆ. ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ಅವಳು ಸ್ಟೇರಿಂಗಿಗೆ, ಅತ್ತೆ ಪಕ್ಕಕ್ಕೆ, ನಾನು ನಾನೇ ತಂದ ದಿಂಬಿನ ಜೊತೆ ಹಿಂದಕ್ಕೆ.

ತೆಕ್ಕಲಕೋಟೆ ದಾಟಿದ ಮೇಲೆ ಅವಳು ಎಂಬತ್ತಕ್ಕೆ ಸೆಟ್ ಮಾಡಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಗಾಡಿ ಹೋಗುತ್ತಿತ್ತು, ಅತ್ತೆ ಹೇಳಿದ ಹಾಗೆಯೇ. ಆಗ ಅತ್ತೆ ಎದುರಿಗೆ ನೋಡುತ್ತಾ ಶುರು ಮಾಡಿದರು: "ಆ ರವಿಕಿ ತೋಳಿನ ಕಥಿ ಹೇಳೀನೇನು ನಿನಗ?" ಅವಳು ಇಲ್ಲ ಎಂದಳು. ಅತ್ತೆ ಹೇಳಿದರು, ನನಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ. ಅವಳು ನಕ್ಕಳು. ಅತ್ತೆಯೂ ನಕ್ಕರು. ನನ್ನ ಹತ್ತಿರ ಹೇಳುವಾಗ ಅವರು ನಕ್ಕಿರಲಿಲ್ಲ. ನಾನು ಹಿಂದೆ ಕೂತು ಕಿಟಕಿಯ ಹೊರಗೆ ನೋಡಿದೆ, ಗದ್ದೆಗಳೆಲ್ಲ ಕೊಯ್ಲಾಗಿ ಬೋಳಾಗಿದ್ದವು.

ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಅರ್ಧ ರಸ್ತೆ ಗಾಡಿಗಳಿಗೆ, ಅರ್ಧ ರಸ್ತೆ ಭತ್ತಕ್ಕೆ. ಹಸಿ ಭತ್ತವನ್ನು ಡಾಂಬರಿನ ಮೇಲೆ ಉದ್ದಕ್ಕೆ ಹರವಿ, ಅಂಚಿಗೆ ಕಲ್ಲು ಜೋಡಿಸಿ, ಯಾರಾದರೂ ಒಬ್ಬರು ಕಾಲಾಡಿಸುತ್ತಾ ಕಾವಲಿರುತ್ತಾರೆ. ಯಾವ ಕೈಪಿಡಿಯಲ್ಲೂ ಇದನ್ನು ಬರೆದಿಲ್ಲ. ಭತ್ತ ಕಂಡ ಕೂಡಲೇ ಅವಳು ಬ್ರೇಕು ಹಾಕಿದಳು, ಸರಿಯಾಗಿಯೇ ಹಾಕಿದಳು. ವೇಗ ನಲವತ್ತೈದಕ್ಕೆ ಬಂತು. ಭತ್ತದ ಸಾಲು ದೂರದವರೆಗೆ ಇತ್ತು. ಈ ನಿಧಾನದ ವೇಗವನ್ನೇ ಹಿಡಿದುಕೊಂಡು ಹೋಗೋಣ ಎಂದು ಅವಳಿಗೆ ಅನ್ನಿಸಿರಬೇಕು. ಅವಳ ಹೆಬ್ಬೆರಳು ನಾಲ್ಕನೇ ಗುಂಡಿಯ ಕಡೆಗೆ ಹೋದದ್ದನ್ನು ನಾನು ಹಿಂದಿನಿಂದ ಕಣ್ಣಾರೆ ಕಂಡೆ. ಬಾಯಿ ತೆರೆದೆ. ಮಾತು ಬರುವಷ್ಟರಲ್ಲಿ ಒತ್ತಿಯಾಗಿತ್ತು.

ಇಂಜಿನ್ನು ಒಮ್ಮೆಲೇ ಗರ್ ಎಂದಿತು. ಗಾಡಿ ಮುಂದಕ್ಕೆ ನುಗ್ಗಿತು. ಎದುರಿಗೆ ಉಳಿದ ಅರ್ಧ ರಸ್ತೆಯಲ್ಲಿ ಲಾರಿ ಬರುತ್ತಿತ್ತು. ಅವಳು ಹೆದರಿ ಎಡಕ್ಕೆ ಎಳೆದಳು, ಕಲ್ಲು ಸಿಡಿದು ಗಾಡಿಯ ಅಡಿಗೆ ಬಡಿಯಿತು, ಭತ್ತದ ಮೇಲೆ ಬ್ರೇಕು ಹಾಕಿದಳು. ಕಾಳಿನ ಮೇಲೆ ಚಕ್ರ ನಿಲ್ಲುವುದುಂಟೇ? ಜಾರುತ್ತಾ ಜಾರುತ್ತಾ ಹೋಗಿ ರಸ್ತೆಯಂಚಿನ ಮಣ್ಣಿನಲ್ಲಿ ನಿಂತಿತು. ಲಾರಿ ಹಾರ್ನು ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು.

ಯಾರಿಗೂ ಏನೂ ಆಗಿರಲಿಲ್ಲ. ಅತ್ತೆ ಬೆಲ್ಟಿಗೆ ಸಿಕ್ಕಿ ಎಡಭುಜ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ತುಟಿ ಬಿಳಿಚಿಕೊಂಡಿತ್ತು.

ಭತ್ತ ಕಾಯುತ್ತಿದ್ದ ಹೆಂಗಸು ಓಡಿಬಂದಳು, ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪಿನವಳು. ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ನಮ್ಮ ಮೂರು ತಲೆಮಾರನ್ನು ಬೈದಳು. ಬೈಯುತ್ತಾ ಬೈಯುತ್ತಾ ಅತ್ತೆಯ ಮುಖ ನೋಡಿ, ನಿಲ್ಲಿಸಿ, ತನ್ನ ನೀರಿನ ಬಾಟಲಿ ತಂದುಕೊಟ್ಟಳು. ನಾನೂ ನೆಗೆಣ್ಣಿಯೂ ಸೀರೆ ಎತ್ತಿ ಸಿಕ್ಕಿಸಿಕೊಂಡು ಚದುರಿದ ಭತ್ತವನ್ನು ಕೈಯಿಂದ ಬಳಿದು ಬಳಿದು ಸಾಲಿಗೆ ಸೇರಿಸಿದೆವು. ಅತ್ತೆ ಕಾರಿನ ಬಾಗಿಲಿಗೆ ಒರಗಿ ನಿಂತು ಹೇಳಿದರು: "ಇನ್ನ ಈ ಗಾಡಿ ಸಾಕು ನನಗ. ಇಲ್ಲಿಂದ ದೊಡ್ಡಾಕಿ ಹೊಡೀಲಿ. ಮುಂದಿನ ಸಲದಿಂದ ನೀನ ಬಾರವಾ ಕರ್ಕೊಂಡು ಹೋಗಾಕ."

ಕಡೆಯ ಮಾತು ನನಗೆ. ನಾನು ಬೇಡಿದ್ದು ಬೇಡಿದ ಹಾಗೆಯೇ ಸಿಕ್ಕಿತ್ತು. ಭತ್ತ ಬಳಿಯುವ ಕೈ ಹಗುರಾಯಿತು. ಅಂಥ ಹೊತ್ತಿನಲ್ಲೂ ಹಗುರಾಯಿತು.

ನೆಗೆಣ್ಣಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ತಲೆ ಎತ್ತಲಿಲ್ಲ. "ಈ ಗಾಡೀನ ಬೇಕಂತ ನಾನ ಹಟ ಮಾಡಿದ್ನಿ ಅಕ್ಕಾ" ಎಂದಳು. "ಅವ್ರು ಸಣ್ಣದು ತರೋಣ ಅಂದಿದ್ರು. ನಾ ಕ್ರೂಸ್ ಇದ್ದದ್ದ ಬೇಕು ಅಂದ್ನಿ. ಮನ್ಯಾಗ ಅತ್ತಿ ಬಾಯಾಗ ಯಾವಾಗ್ಲೂ ನಿಮ್ಮ ಕಾಲಿಂದ ಮಾತು. ದೊಡ್ಡಾಕಿ ಹಂಗ ಹೊಡೀತಾಳ, ಹಿಂಗ ಹೊಡೀತಾಳ. ನಾ ಹೊಡದ್ರ ವಾಂತಿ ಮಾಡಿಕೊಂಡ್ರು. ನಿಮ್ಮ ಕಾಲು ನನಗ ಎಲ್ಲಿಂದ ಬರಬೇಕು? ಅದಕ್ಕ ಗುಂಡಿ ತಂದ್ನಿ."

ನನ್ನ ಬೆನ್ನ ಹಿಂದೆ ನನ್ನ ಕಾಲಿನ ಮಾತು ಅಷ್ಟು ಸಲ ಬಂದಿತ್ತು, ನನ್ನ ಎದುರಿಗೆ ಒಂದೇ ಸಲ. ನಾನು ಇವಳ ಗುಂಡಿಗೆ ಉರಿದುಕೊಳ್ಳುತ್ತಿದ್ದರೆ ಇವಳು ನನ್ನ ಕಾಲಿಗೆ ಉರಿದುಕೊಂಡು ಆ ಗುಂಡಿ ತಂದಿದ್ದಳು. ಮೊದಲು ಖುಷಿಯಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಆದದ್ದಂತೂ ಖುಷಿಯೇ. ಆಮೇಲೆ ಅವಳ ಕೈ ನೋಡಿದೆ. ಹೆಬ್ಬೆರಳಿನ ಉಗುರಿನ ಸಂದಿಗೆ ಭತ್ತದ ಸುಂಕು, ಕಾಳಿನ ತುದಿಯ ಸೂಜಿಯಂಥ ಎಳೆ, ಚುಚ್ಚಿಕೊಂಡಿತ್ತು, ಅವಳಿಗೆ ಅದರ ಅರಿವೂ ಇರಲಿಲ್ಲ.

ಅಲ್ಲಿಂದ ನಾನು ಹೊಡೆದೆ. ಕಾಲಿನಿಂದಲೇ. ಗುಂಡಿಯ ಹತ್ತಿರ ಬೆರಳು ಒಯ್ಯಲಿಲ್ಲ. ಹತ್ತು ಕಿಲೋಮೀಟರು ಹೋದೆವು. ಆಮೇಲೆ ಅತ್ತೆ ನನ್ನ ಪಾದದ ಕಡೆ ನೋಡಿ ಉಸಿರು ಬಿಟ್ಟು, "ಈಗ ಜೀವ ಬಂತು" ಎಂದರು. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಅವಳು ದಿಂಬನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು, ನಾನು ಒಂದು ಗಂಟೆ ಹಿಂದೆ ಎತ್ತ ನೋಡುತ್ತಿದ್ದೆನೋ ಅತ್ತಲೇ.

ಕುರುಗೋಡಿಗೆ ತಿರುಗುವ ಕ್ರಾಸಿನ ಹತ್ತಿರ ಚಹಾದ ಅಂಗಡಿ ಇದೆ. ನಿಲ್ಲಿಸಿದೆ. ಮೂರು ಚಹಾ ಬಂದವು. ನನ್ನದು ಆರುವವರೆಗೂ ಕೈಯಲ್ಲೇ ಇತ್ತು.

"ಅತ್ತಿ, ಆಕಿ ತಪ್ಪಲ್ಲ ಅದು" ಎಂದೆ. "ಆ ಗುಂಡಿ ಏನು ಮಾಡ್ತೈತಿ ಅಂತ ಗುರುವಾರ ಆಕಿ ನನಗ ಕೇಳಿದ್ಳು. ನನಗ ಗೊತ್ತಿತ್ತು. ಗೊತ್ತಿಲ್ಲ ಅಂದ್ನಿ."

ಅತ್ತೆ ಲೋಟ ಕೆಳಗಿಟ್ಟರು. "ಯಾಕ?"

"ನೀವು ಆಕಿ ಗಾಡ್ಯಾಗ ಕುಂತೀರಿ ಅಂತ."

ನೆಗೆಣ್ಣಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಉಗುರಿನ ಸಂದಿಯ ಸುಂಕು ಕೀಳುತ್ತಾ, "ನಿಮ್ಮ ಜಾಗದಾಗ ನಾ ಇದ್ರೂ ಹಂಗ ಮಾಡ್ತಿದ್ನೇನೋ ಅಕ್ಕಾ" ಎಂದಳು. ಅತ್ತೆ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಇಬ್ಬರಿಗೂ ಅಳತೆ ತೆಗೆಯುವವರ ಹಾಗೆ. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಡೀರಿ, ಆಕಿ ಕಾಯ್ತಿರ್ತಾಳ ಫಿಸಿಯೋದಾಕಿ" ಎಂದು ಎದ್ದರು. ಆ ದಿನ ಬಳ್ಳಾರಿ ಬರುವವರೆಗೂ, ಸಂಜೆ ತಿರುಗಿ ಹೋಗುವವರೆಗೂ ಅವರು ಮತ್ತೆ ಮಾತಾಡಲಿಲ್ಲ.

ಮುಂದಿನ ಸಲದ ಭಾನುವಾರ ನಾನು ಬೆಳಿಗ್ಗೆ ಬೇಗ ಎದ್ದೆ. ಗ್ಯಾರೇಜಿನಿಂದ ಬಂದ ಕಾರು ತೊಳೆದೆ, ಪಕ್ಕದ ಸೀಟನ್ನು ಒರೆಸಿದೆ. ಹೊರಡಬೇಕು ಎನ್ನುವಾಗ ನೆಗೆಣ್ಣಿಯ ಫೋನು.

"ಅಕ್ಕಾ, ನೀವು ಬರಬ್ಯಾಡ್ರಿ. ಅತ್ತಿ ಆರೂವರಿಗೇ ಹೋಗ್ಯಾರ."

"ಯಾರ ಕೂಡ?"

"ಯಾರ ಕೂಡನೂ ಇಲ್ಲ. ಬಸ್ಸಿಗೆ. ಆಧಾರ್ ಕಾರ್ಡು ಪರ್ಸಿನಾಗ ಇಟಗೊಂಡು, ಹೆಣ್ಮಕ್ಕಳಿಗಿ ಟಿಕೇಟಿಲ್ಲ, ನಿಮ್ಮಿಬ್ರದೂ ಬ್ಯಾಡ ಅಂತ ಹೇಳಿ ಹೋದ್ರು. ನಾ ಗಾಡಿ ತೆಗ್ದು ಬಾಗಿಲಿಗಿ ನಿಂತಿದ್ನಿ. ನೋಡ್ಲಿಲ್ಲ."

ಕಾರು ತೆಗೆದುಕೊಂಡು ಬಳ್ಳಾರಿಯ ಬಸ್ ಸ್ಟ್ಯಾಂಡಿಗೆ ಓಡಿದೆ. ಸಿರುಗುಪ್ಪದ ಬಸ್ಸು ಬಂದು ನಿಂತಿತ್ತು, ಜನ ಇಳಿಯುತ್ತಿದ್ದರು. ಭುಜ ನೋಯುತ್ತದೆ, ಕಂಬಿ ಹಿಡಿದು ಹೇಗೆ ಇಳಿಯುತ್ತಾರೋ ಎಂದು ನಾನು ಬಾಗಿಲ ಹತ್ತಿರ ಕೈ ಚಾಚಿ ನಿಂತೆ. ಅತ್ತೆ ಇಳಿದರು. ಆದರೆ ಅವರ ಕೈ ಬೇರೆ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಅವರದೇ ವಯಸ್ಸು, ಹಸಿರು ಇಲಕಲ್ಲು ಸೀರೆ, ಬಗಲಲ್ಲಿ ಒಂದು ಚೀಲ. ಇಬ್ಬರೂ ಯಾವುದೋ ಮಾತಿನ ನಡುವಿದ್ದರು, ನೆಲದ ಮೇಲೆ ಕಾಲಿಟ್ಟ ಮೇಲೂ ಅದನ್ನು ಮುಗಿಸಿಯೇ ನನ್ನ ಕಡೆ ತಿರುಗಿದರು. ಅತ್ತೆ ನಗುತ್ತಿದ್ದರು, ಕಣ್ಣಂಚು ಒದ್ದೆಯಾಗಿತ್ತು. ಅವರ ಕಣ್ಣು ಒದ್ದೆಯಾದದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿರಲಿಲ್ಲ.

"ದೊಡ್ಡ ಸೊಸಿ ಅಲ್ಲೇನು?" ಎಂದು ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದಳು. "ನಾ ಕರೂರಿನಾಕಿ. ಎಲ್ಲಾ ಹೇಳ್ಯಾರ ನಿಮ್ಮತ್ತಿ."

ಎಲ್ಲಾ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಕೆ ಹೊರಟಳು. ಅತ್ತೆ ಹಿಂದಿನಿಂದ ಕೂಗಿ, "ಮುಂದಿನ ಸಲನೂ ಇದ ಬಸ್ಸು, ಕಿಟಕಿ ಕಡಿ ಸೀಟು ಹಿಡಿದಿರು" ಎಂದರು. ಆಮೇಲೆ ನನ್ನ ಕಾರಿನಲ್ಲಿ ಕೂತು ಫಿಸಿಯೋಥೆರಪಿಗೆ ಹೋಗುವ ಹತ್ತು ನಿಮಿಷವೂ ಸುಮ್ಮನೆ ಹೊರಗೆ ನೋಡಿದರು.

ಅವರು ಒಳಗೆ ಹೋದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತು ನೆಗೆಣ್ಣಿಗೆ ಫೋನು ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ. ಕೈ ಹಿಡಿದದ್ದು, ನಕ್ಕದ್ದು, ಕಿಟಕಿಯ ಸೀಟು. ಕೇಳುತ್ತಾ ಕೇಳುತ್ತಾ ಅವಳ ಉಸಿರು ಬಿಸಿಯಾಗುವುದು ನನಗೆ ಇಲ್ಲಿಗೇ ತಿಳಿಯುತ್ತಿತ್ತು.

"ಯಾವೂರಾಕಿ ಅಂತಕ್ಕಾ ಆಕಿ?"

"ಕರೂರಿನಾಕಿ ಅಂತ."

"ಹೆಂಗದಾಳ?"

"ಹೆಂಗದಾಳ ಅಂದ್ರ, ನಮ್ಮಂಗ ಅದಾಳ. ಆದ್ರ ಆಕಿ ಏನೂ ಹೊಡಿಯಂಗಿಲ್ಲ, ಬರೇ ಪಕ್ಕಕ್ಕ ಕುಂದರ್ತಾಳ" ಎಂದೆ. ಅತ್ತೆ ಹೊರಗೆ ಬರುವವರೆಗೂ ಇಬ್ಬರೂ ಫೋನು ಇಡಲಿಲ್ಲ.